ದಾರಿ ತಪ್ಪಿದ ತುತ್ತು: ‘ನಾಗಮಂಡಲ’ ಚಿತ್ರ ಹಾಗೂ ಗುಜರಾತಿನ ಕೆಲವು ಕಥನಗಳಲ್ಲಿ ಒಲವು, ಮುಪ್ಪು, ಕಾಲ

ಟಿ. ಎಸ್. ನಾಗಾಭರಣ ಅವರ ನಿರ್ದೇಶನದಲ್ಲಿ 1996ರಲ್ಲಿ ‘ಜನುಮದ ಜೋಡಿ’ಯೂ 1997ರಲ್ಲಿ ‘ನಾಗಮಂಡಲ’ವೂ ತೆರೆಗೆ ಬಂದವು. ಮೊದಲನೆಯದು ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿ ‘ಮಳೇಲಾ ಜೀವ್’ ಅನ್ನು ಆಧರಿಸಿದ ಚಿತ್ರ. ಎರಡನೆಯದು ಗಿರೀಶ ಕಾರ್ನಾಡರ 1988ರ ನಾಟಕವನ್ನು ಆಧರಿಸಿದ್ದು. ಆ ನಾಟಕದ ಹಿಂದೆ ಎ. ಕೆ. ರಾಮಾನುಜನ್ ಅವರಿಂದ ಕಾರ್ನಾಡರು ಕೇಳಿದ ಕನ್ನಡದ ಮೌಖಿಕ ಕಥೆಗಳಿವೆ. ಒಬ್ಬನೇ ನಿರ್ದೇಶಕ ಒಂದು ವರ್ಷದ ಅಂತರದಲ್ಲಿ ಮಾಡಿದ ಈ ಎರಡು ಚಿತ್ರಗಳನ್ನು ನಾವು ಸಾಮಾನ್ಯವಾಗಿ ಬೇರೆ ಬೇರೆ ಕಪಾಟುಗಳಲ್ಲಿ ಇಡುತ್ತೇವೆ. ‘ಜನುಮದ ಜೋಡಿ’ ಜನಪ್ರಿಯ ಚಿತ್ರ, ಶಿವರಾಜ್‌ಕುಮಾರ್ ಅಭಿನಯದ, ಹಾಡುಗಳಿಂದ ಗೆದ್ದ ಚಿತ್ರ. ‘ನಾಗಮಂಡಲ’ ಸಾಹಿತ್ಯಕೃತಿಯೊಂದರ ಚಲನಚಿತ್ರರೂಪ, ವಿಚಾರಸಂಕಿರಣಗಳಿಗೆ ಯೋಗ್ಯವಾದದ್ದು. ಮೊದಲನೆಯದು ಸಾಮಾಜಿಕ, ಎರಡನೆಯದು ಅದ್ಭುತ. ಈ ವಿಂಗಡಣೆ ಅನುಕೂಲಕರವೇ ಹೊರತು ಸರಿಯಾದುದಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಎರಡೂ ಕಥೆಗಳ ನಡುವೆ ಕಣ್ಣಿಗೆ ಬೀಳದ ಒಂದು ನಂಟಿದೆ. ಅದನ್ನು ಹಿಡಿದರೆ ಒಲವು ಮತ್ತು ಕಾಲವನ್ನು ಕುರಿತು ಕನ್ನಡವೂ ಗುಜರಾತಿಯೂ ಬಹುಕಾಲದಿಂದ ಹೇಳಿಕೊಂಡು ಬಂದಿರುವ ಒಂದು ಮಾತು ಸ್ಪಷ್ಟವಾಗುತ್ತದೆ.

ನಂಟು ಇದು. ‘ಮಳೇಲಾ ಜೀವ್’ ಕಾದಂಬರಿಯ ನಾಯಕಿ ಜೀವಿ ತಾನು ಸಾಯಬೇಕೆಂದು ರೊಟ್ಟಿಯಲ್ಲಿ ವಿಷ ಬೆರೆಸುತ್ತಾಳೆ. ಅದನ್ನು ತಿಂದು ಸಾಯುವವನು ಗಂಡ ಧೂಲಾ. ‘ನಾಗಮಂಡಲ’ದ ರಾಣಿ ಗಂಡ ಒಲಿಯಲೆಂದು ಸಾರಿನಲ್ಲಿ ಬೇರು ಅರೆದು ಹಾಕುತ್ತಾಳೆ, ಸಾರು ನೆತ್ತರಿನಂತೆ ಕೆಂಪಾಗಿ ಕುದಿಯುವುದನ್ನು ಕಂಡು ಹೆದರಿ ಹುತ್ತಕ್ಕೆ ಸುರಿಯುತ್ತಾಳೆ, ಒಲಿಯುವುದು ಹಾವು. ಒಂದೆಡೆ ಸಾವಿನ ತುತ್ತು, ಇನ್ನೊಂದೆಡೆ ಒಲವಿನ ತುತ್ತು. ಎರಡೂ ಉದ್ದೇಶಿಸಿದ ಬಾಯಿಗೆ ಹೋಗದೆ ಬೇರೊಂದು ಬಾಯಿಗೆ ಬೀಳುತ್ತವೆ. ಅಲ್ಲಿಂದ ಮುಂದೆ ಕಥೆಯ ಪಾತ್ರಗಳು ಯಾರೂ ತಮ್ಮ ತಮ್ಮ ಕಾಲದಲ್ಲಿ ಉಳಿಯುವುದಿಲ್ಲ. ಜಾನಪದ ಅಧ್ಯಯನದ ಪರಿಭಾಷೆಯಲ್ಲಿ ಇದನ್ನು ಒಂದು ಆಶಯವೆಂದು ಗುರುತಿಸಿ ಸುಮ್ಮನಾಗಬಹುದು. ಆದರೆ ಗುರುತಿಸುವುದರಿಂದ ಅರ್ಥ ಹೊರಡುವುದಿಲ್ಲ. ಕಾಲದ ಕಟ್ಟನ್ನು ಸಡಿಲಿಸಬೇಕಾದಾಗ ಈ ಕಥೆಗಳು ಅಡುಗೆಮನೆಗೇ ಏಕೆ ಹೋಗುತ್ತವೆ?

ಹೋಲಿಕೆಗಾಗಿ ಪಾಶ್ಚಾತ್ಯ ಚಿತ್ರವೊಂದನ್ನು ನೋಡೋಣ. ಎಫ್. ಸ್ಕಾಟ್ ಫಿಟ್ಜೆರಾಲ್ಡನ 1922ರ ಕಥೆಯನ್ನು ಆಧರಿಸಿ ಡೇವಿಡ್ ಫಿಂಚರ್ 2008ರಲ್ಲಿ ‘ದ ಕ್ಯೂರಿಯಸ್ ಕೇಸ್ ಆಫ್ ಬೆಂಜಮಿನ್ ಬಟನ್’ ಚಿತ್ರವನ್ನು ಮಾಡಿದ. ಮುದುಕನಾಗಿ ಹುಟ್ಟಿ ಮಗುವಾಗಿ ಸಾಯುವವನ ಪ್ರೇಮಕಥೆಯದು. ಅಲ್ಲಿನ ಅದ್ಭುತ ಆರಂಭವಾಗುವುದು ರೈಲು ನಿಲ್ದಾಣದಲ್ಲಿ ತೂಗುಹಾಕಿದ, ಹಿಂದಕ್ಕೆ ಓಡುವ ಗಡಿಯಾರದಿಂದ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಕುರುಡ ಗಡಿಯಾರಗಾರನೊಬ್ಬ ಅದನ್ನು ಮಾಡಿರುತ್ತಾನೆ. ಕಾಲವೆಂಬುದು ಅಲ್ಲಿ ಯಂತ್ರ. ಅದನ್ನು ತಿರುಗಿಸಬಹುದು, ಹಿಂದಕ್ಕೆ ನಡೆಸಬಹುದು. ಹಾಗೆ ನಡೆಸಿದಾಗ ಆಗುವ ಲಾಭನಷ್ಟ ಮುಖ್ಯವಾಗಿ ಆ ಒಬ್ಬನದು. ಗ್ರೀಕರ ಟಿಥೋನಸನ ಪುರಾಣದಲ್ಲಿಯೂ ಹೀಗೆಯೇ. ಉಷೋದೇವಿ ತನ್ನ ಪ್ರಿಯನಿಗೆ ಅಮರತ್ವವನ್ನು ಬೇಡಿ ತಾರುಣ್ಯವನ್ನು ಬೇಡಲು ಮರೆಯುತ್ತಾಳೆ. ಆತ ಸಾಯದೆ ಮುದುಕನಾಗುತ್ತಲೇ ಹೋಗುತ್ತಾನೆ. ಸಾಲವೂ ಅವನದೇ, ಬಡ್ಡಿಯೂ ಅವನದೇ.

ನಮ್ಮ ಕಥೆಗಳಲ್ಲಿ ಹಾಗಲ್ಲ. ಮಹಾಭಾರತದ ಯಯಾತಿಗೆ ಬಂದ ಮುಪ್ಪು ಇಲ್ಲವಾಗುವುದಿಲ್ಲ, ಮಗ ಪುರುವಿಗೆ ವರ್ಗವಾಗುತ್ತದೆ. ಮುಪ್ಪು ಮನೆಯೊಳಗಿನ ಸಾಲದಂತೆ. ಒಬ್ಬ ತೀರಿಸದಿದ್ದರೆ ಇನ್ನೊಬ್ಬ ತೀರಿಸಬೇಕು. ಅಡುಗೆಮನೆಯ ಪ್ರಶ್ನೆಗೆ ಇಲ್ಲಿ ಒಂದು ಸುಳಿವಿದೆ. ಗಡಿಯಾರವನ್ನು ನೋಡಿಕೊಳ್ಳುವವನು ಒಬ್ಬ. ಒಲೆಯ ಮೇಲಿನ ಅನ್ನ ಮನೆಯವರೆಲ್ಲರದು. ಯಾರ ಪಾಲು ಯಾರಿಗೆ ಹೋಯಿತು ಎಂಬುದು ಅಲ್ಲಿ ಪ್ರತಿದಿನದ ಪ್ರಶ್ನೆ. ಕಾಲವೂ ಪಾಲಾಗುವ ವಸ್ತುವೆಂದು ನಂಬಿದ ಸಮಾಜಕ್ಕೆ ಅದನ್ನು ಹೇಳಲು ಅನ್ನಕ್ಕಿಂತ ಹತ್ತಿರದ ರೂಪಕ ಸಿಗಲಾರದು.

‘ನಾಗಮಂಡಲ’ ನಾಟಕದ ಪ್ರಸ್ತಾವನೆಯನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಓದಬೇಕು. ಪಾಳುಗುಡಿಯೊಂದರಲ್ಲಿ ನಾಟಕಕಾರನೊಬ್ಬ ಕುಳಿತಿದ್ದಾನೆ. ಆ ತಿಂಗಳಲ್ಲಿ ಒಂದು ರಾತ್ರಿಯಾದರೂ ಪೂರ್ತಿ ಎಚ್ಚರವಿರದಿದ್ದರೆ ಅವನಿಗೆ ಸಾವು. ಇರುವುದು ಅದೊಂದೇ ರಾತ್ರಿ. ಊರಿನ ದೀಪಗಳ ಜ್ವಾಲೆಗಳು ಗುಡಿಗೆ ಬಂದು ತಂತಮ್ಮ ಮನೆಯ ಸುದ್ದಿ ಹೇಳುತ್ತವೆ. ಅವುಗಳಲ್ಲೊಂದು ಹೇಳುವ ಸುದ್ದಿ ಹೀಗಿದೆ: ಮುದುಕಿಯೊಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು, ಅವಳು ಯಾರಿಗೂ ಹೇಳಲಿಲ್ಲ. ಒಂದು ದಿನ ಬಾಯಿ ತೆರೆದು ಮಲಗಿದ್ದಾಗ ಅವು ಅವಳ ಬಾಯಿಂದ ಹೊರಬಿದ್ದವು. ಕಥೆ ತರುಣಿಯಾಯಿತು, ಹಾಡು ಅವಳ ಸೀರೆಯಾಯಿತು. ಗಂಡನ ಕೋಣೆಯಿಂದ ತರುಣಿಯೊಬ್ಬಳು ಹೊರಬಂದುದನ್ನು ಕಂಡ ಮುದುಕಿ ಮುದುಕನ ಮೇಲೆ ಜಗಳಕ್ಕೆ ನಿಂತಳು. ರಾಮಾನುಜನ್ ಹೇಳುತ್ತಿದ್ದ ಮೂಲ ಕಥೆಯಲ್ಲಿ ಅವು ಗಂಡಸಿನ ಪಾದರಕ್ಷೆ ಮತ್ತು ಕೋಟಾಗುತ್ತವೆ. ಕಾರ್ನಾಡರು ಮಾಡಿದ ಬದಲಾವಣೆ ಸಣ್ಣದಾಗಿ ಕಂಡರೂ ದೊಡ್ಡದು. ಪಾದರಕ್ಷೆಗೆ ವಯಸ್ಸಿಲ್ಲ, ತರುಣಿಗೆ ಇದೆ. ಮುದುಕಿ ಸಂಶಯಪಡುವುದು ತನ್ನ ಬಾಯಿಂದಲೇ ಹೊರಟುಹೋದ ತಾರುಣ್ಯವನ್ನು ಕಂಡು. ಆ ತಾರುಣ್ಯ ಮುಂದೆ ರಾಣಿಯ ಕಥೆಯಾಗಿ ನಮ್ಮೆದುರು ಬರುತ್ತದೆ. ಹೀಗಾಗಿ ರಾಣಿಯ ಪ್ರಣಯಕಥೆಯ ಹಿಂದೆ, ನಾವು ಬೇಗ ಮರೆತುಬಿಡುವ, ಕಥೆಯನ್ನು ಕಳೆದುಕೊಂಡ ಮುದುಕಿಯೊಬ್ಬಳು ಮೊದಲಿನಿಂದಲೇ ಇದ್ದಾಳೆ.

ಚಿತ್ರಕ್ಕೆ ಬಂದಾಗ ಇಡಿಯ ಗಮನ ರಾಣಿಯ ಬೀಗ ಹಾಕಿದ ಮನೆಯ ಮೇಲೆ ನೆಲೆಸುತ್ತದೆ. ಇದನ್ನು ಕೊರತೆಯೆಂದೇ ಹೇಳಬೇಕಾಗಿಲ್ಲ. ರಂಗಭೂಮಿಗೆ ಸಹಜವಾದ ಚೌಕಟ್ಟನ್ನು ಚಿತ್ರ ಹೊರಲಾರದು. ಆ ಮನೆಯೊಳಗೆ ಕಾಲ ಎರಡಾಗಿ ಸೀಳಿದೆ. ಮಧ್ಯಾಹ್ನ ಗಂಡ ಅಪ್ಪಣ್ಣ ಊಟಕ್ಕೆ ಬರುತ್ತಾನೆ, ಉಣ್ಣುತ್ತಾನೆ, ಬೀಗ ಹಾಕಿಕೊಂಡು ಹೋಗುತ್ತಾನೆ. ರಾತ್ರಿ ಬಚ್ಚಲ ತೂಬಿನಿಂದ ನಾಗ ಬರುತ್ತಾನೆ, ಅದೇ ಮುಖ ಹೊತ್ತು. ಪ್ರಕಾಶ್ ರೈ ಎರಡೂ ಆಗಿದ್ದಾರೆ, ವಿಜಯಲಕ್ಷ್ಮಿ ರಾಣಿ. ರಂಗದ ಮೇಲೆ ಒಬ್ಬ ನಟ ಎರಡು ಪಾತ್ರ ಮಾಡಿದಾಗ ರೂಪಾಂತರದ ಕೆಲಸವನ್ನು ಪ್ರೇಕ್ಷಕನೇ ಅರ್ಧ ಮಾಡಿಕೊಳ್ಳುತ್ತಾನೆ. ಕ್ಯಾಮೆರಾ ಮುಖವನ್ನು ಹತ್ತಿರದಿಂದ ತೋರಿಸುವುದರಿಂದ ಅಲ್ಲಿ ನಟನೇ ಎಲ್ಲವನ್ನೂ ಮಾಡಬೇಕು. ಹಗಲಿನ ಗಡಸು ರಾತ್ರಿಯ ಮೃದುವಾಗುವುದನ್ನು ಪ್ರಕಾಶ್ ರೈ ಕಣ್ಣಿನಲ್ಲಿ, ದನಿಯಲ್ಲಿ ತರುತ್ತಾರೆ. ನನ್ನ ದೃಷ್ಟಿಯಲ್ಲಿ ಚಿತ್ರದ ದೊಡ್ಡ ಬಲ ಇದು. ಗೋಪಾಲ ವಾಜಪೇಯಿ ಅವರ ಹಾಡುಗಳೂ ಸಿ. ಅಶ್ವತ್ಥ್ ಅವರ ಸಂಗೀತವೂ ಇದರ ಜೊತೆಗೆ ನಿಲ್ಲುತ್ತವೆ. ಕಂಬದ ಮೇಲಿನ ಗೊಂಬೆಯನ್ನು ಕುರಿತ ಹಾಡನ್ನು ಕೇಳಿದವರಿಗೆ ನೆನಪಿರಬಹುದು: ಒಂಟಿ ಹೆಣ್ಣು ಮಾತನಾಡಿಸುವುದು ವಯಸ್ಸಾಗದ, ಉಣ್ಣದ, ಉತ್ತರಿಸದ ಮರದ ಗೊಂಬೆಗಳನ್ನು. ಆ ಮನೆಯಲ್ಲಿ ಕಾಲ ನಿಂತಿದೆಯೆಂಬುದನ್ನು ಬೇರೆ ಯಾವ ದೃಶ್ಯವೂ ಇಷ್ಟು ಸರಳವಾಗಿ ಹೇಳುವುದಿಲ್ಲ.

ನಿಂತ ಕಾಲ ಬಹಳ ದಿನ ನಿಲ್ಲುವುದಿಲ್ಲ. ನಾಗನಿಗೆ ದಿನಗಳ ಲೆಕ್ಕವಿಲ್ಲ. ರಾಣಿಯ ಗರ್ಭಕ್ಕೆ ಇದೆ. ಮುಂಗುಸಿಯೊಡನೆ ಕಾದಾಡಿ ಬಂದ ನಾಗನ ಮೈಮೇಲೆ ಗಾಯದ ಗುರುತುಗಳಿರುತ್ತವೆ. ಹಗಲಿನ ಗಂಡನ ಮೈಯಲ್ಲಿ ಅವಿಲ್ಲ. ಪ್ರಶ್ನೆ ಕೇಳಬಾರದೆಂದು ನಾಗ ಬಾಯಿ ಮುಚ್ಚಿಸಬಹುದು. ಮೈ ಬರೆದಿಟ್ಟುಕೊಂಡ ದಿನಚರಿಯನ್ನು ಮುಚ್ಚಿಸಲಾಗದು. ಅದ್ಭುತಕಥೆಯೊಂದು ತನ್ನೊಳಗೇ ವಾಸ್ತವಕ್ಕೆ ಇಂಥ ಸಾಕ್ಷಿಗಳನ್ನು ಇಟ್ಟುಕೊಂಡಿರುವುದರಿಂದಲೇ ‘ನಾಗಮಂಡಲ’ ಬರಿಯ ಕನಸಾಗಿ ಕರಗುವುದಿಲ್ಲ.

ಇಲ್ಲಿ ಕುರುಡವ್ವನ ಮಾತು ಬರಬೇಕು. ರಾಣಿಯ ಬಿಡುಗಡೆಯ ಕಥೆಯೆಂದು ‘ನಾಗಮಂಡಲ’ವನ್ನು ಓದುವವರು ಅವಳನ್ನು ಉಪಕರಣದ ಮಟ್ಟಕ್ಕೆ ಇಳಿಸುತ್ತಾರೆ, ಬೇರು ಕೊಡುವುದೇ ಅವಳ ಕೆಲಸವೆಂಬಂತೆ. ಚಿತ್ರದಲ್ಲಿ ಬಿ. ಜಯಶ್ರೀ ಅವರು ಈ ಪಾತ್ರಕ್ಕೆ ಕೊಟ್ಟ ಒರಟು ಜೀವಂತಿಕೆಯನ್ನು ನೋಡಿದ ಮೇಲೆ ಹಾಗೆ ಓದುವುದು ಕಷ್ಟ. ಆ ಬೇರು ಬೇರೆಲ್ಲಿಂದಲೋ ಬಂದುದಲ್ಲ, ಅವಳ ತಾರುಣ್ಯದ ಉಳಿಕೆ. ಕುರುಡಿಯನ್ನು ಯಾರು ಮದುವೆಯಾಗುತ್ತಾರೆಂದು ಮನೆಯವರು ಕೊರಗುತ್ತಿದ್ದಾಗ ಸಾಧುವೊಬ್ಬ ಕೊಟ್ಟ ಮೂರು ತುಂಡುಗಳಲ್ಲಿ ಒಂದನ್ನು ಅವಳು ಮನೆಗೆ ಬಂದ ಗಂಡಿಗೆ ತಿನ್ನಿಸಿದಳು. ಅವನು ಮತ್ತೆ ತನ್ನೂರಿಗೆ ಹೋಗಲಿಲ್ಲ. ಅವಳ ತುತ್ತು ದಾರಿ ತಪ್ಪಲಿಲ್ಲ, ಸರಿಯಾದ ಬಾಯಿಗೇ ಬಿತ್ತು. ಆದರೂ ಪ್ಲೇಗು ಅವನನ್ನು ಒಯ್ದಿತು. ಉಳಿದವನು ಮಗ ಕಪ್ಪಣ್ಣ; ಮಂಡ್ಯ ರಮೇಶ್ ಮಾಡಿದ ಪಾತ್ರ. ಅವನೇ ತಾಯಿಯ ಕಣ್ಣು, ತಾಯಿಯ ಕಾಲು. ರಾಣಿಯ ಪಾಲಿಗೆ ನಾಗಲೋಕದ ಒಲವು ಬರುವ ಹೊತ್ತಿಗೆ ಅಂಥದೇ ಲೋಕದ ಯಾವಳೋ ಒಬ್ಬಳು ಕಪ್ಪಣ್ಣನನ್ನು ಸೆಳೆದೊಯ್ಯುತ್ತಾಳೆ. ನಾಟಕದಲ್ಲಿ ಕುರುಡವ್ವನನ್ನು ಕೊನೆಗೆ ನಾವು ಕಾಣುವುದು ಬೀದಿಯಲ್ಲಿ ಮಗನ ಹೆಸರು ಹಿಡಿದು ಕೂಗುತ್ತಾ ಅಲೆಯುವ ಮುದುಕಿಯಾಗಿ.

ಲೆಕ್ಕ ಇಲ್ಲಿ ಸ್ಪಷ್ಟವಾಗಿದೆ. ಅದ್ಭುತವು ಒಂದು ಕಡೆಯಿಂದ ಕೊಟ್ಟದ್ದನ್ನು ಇನ್ನೊಂದು ಕಡೆಯಿಂದ ತೆಗೆದುಕೊಂಡಿದೆ. ತಾರುಣ್ಯಕ್ಕೆ ಪ್ರಿಯ ಬಂದ. ಮುಪ್ಪಿನ ಊರುಗೋಲು ಹೋಯಿತು. ಹುತ್ತಕ್ಕೆ ಕೈಯಿಟ್ಟು ದಿವ್ಯ ಮಾಡಿದ ರಾಣಿ ದೇವಿಯಾಗುತ್ತಾಳೆ. ಅಪ್ಪಣ್ಣನ ಸೂಳೆ ಅದೇ ಮನೆಗೆ ನೀರು ಹೊರುವವಳಾಗುತ್ತಾಳೆ. ರಾಣಿಯ ದಿವ್ಯವನ್ನು ಪಿತೃಪ್ರಧಾನ ನ್ಯಾಯಕ್ಕೆ ಹೆಣ್ಣು ಹಾಕಿದ ಸವಾಲೆಂದು ಕೊಂಡಾಡುವಾಗ ಈ ಇಬ್ಬರು ಹೆಂಗಸರನ್ನು ಲೆಕ್ಕದಿಂದ ಬಿಡುವುದು ಅನ್ಯಾಯ. ಕಾರ್ನಾಡರು ಬಿಟ್ಟಿಲ್ಲ. ನಾವು ಬಿಟ್ಟಿದ್ದೇವೆ.

ನಾಟಕಕ್ಕೆ ಒಂದಕ್ಕಿಂತ ಹೆಚ್ಚು ಅಂತ್ಯಗಳಿರುವುದು ಎಲ್ಲರಿಗೂ ಗೊತ್ತು. ಒಂದರಲ್ಲಿ ನಾಗ ರಾಣಿಯ ಕೂದಲಿನಿಂದಲೇ ನೇಣು ಬಿಗಿದುಕೊಂಡು ಸಾಯುತ್ತಾನೆ, ರಾಣಿ ತನ್ನ ಮಗನಿಂದ ಅವನ ದಹನ ಮಾಡಿಸುತ್ತಾಳೆ. ಇನ್ನೊಂದರಲ್ಲಿ ಬದುಕಿದ ಹಾವಿಗೆ ಅವಳು ತನ್ನ ಕೂದಲಲ್ಲಿಯೇ ಜಾಗ ಕೊಡುತ್ತಾಳೆ. ಈ ಎರಡನೆಯ ಅಂತ್ಯವನ್ನು ಸುಖಾಂತವೆಂದು ಓದುವುದು ವಾಡಿಕೆ. ಆದರೆ ಕೂದಲು ಕಪ್ಪಾಗಿಯೇ ಉಳಿಯುವುದಿಲ್ಲ. ಹಾವು ಪೊರೆ ಕಳಚಿ ಹೊಸತಾಗುತ್ತದೆ, ಆದ್ದರಿಂದಲೇ ಅದಕ್ಕೆ ಮುಪ್ಪಿಲ್ಲವೆಂಬ ನಂಬಿಕೆ. ಹೆಣ್ಣಿಗೆ ಆ ಸೌಲಭ್ಯವಿಲ್ಲ. ರಾಣಿಯ ಜಡೆ ನರೆಯುತ್ತಾ ಬಂದಾಗ ಕರಿಯ ಎಳೆಯೊಂದು ಮಾತ್ರ ಹಾಗೆಯೇ ಉಳಿದು ಎಲ್ಲರ ಕಣ್ಣಿಗೆ ಬೀಳತೊಡಗುತ್ತದೆಯಲ್ಲವೆ? ನಾಟಕ ಅಷ್ಟು ದೂರ ಹೋಗುವುದಿಲ್ಲ. ಹೋಗದಿರುವುದರಿಂದಲೇ ಅದು ಸುಖಾಂತ.

ಇನ್ನು ಗುಜರಾತಿನ ಕಾದಂಬರಿ. ಪನ್ನಾಲಾಲ್ ಪಟೇಲರು ಹುಟ್ಟಿದ್ದು 1912ರಲ್ಲಿ, ಗುಜರಾತಿನ ಈಶಾನ್ಯ ಅಂಚಿಗೆ ತಾಗಿದ ಡುಂಗರಪುರ ಸೀಮೆಯ ಮಾಂಡಲಿ ಎಂಬ ಹಳ್ಳಿಯಲ್ಲಿ. ಓದು ಬಹಳ ದೂರ ಸಾಗಲಿಲ್ಲ. ಅಹಮದಾಬಾದಿನ ವಿದ್ಯುತ್ ಕಂಪನಿಯಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸ, ಆಮೇಲೆ ಮೀಟರು ಓದುವ ಕೆಲಸ ಮಾಡಿದರು. ಈಡರಿನ ಶಾಲೆಯಲ್ಲಿ ಜೊತೆಗೆ ಓದಿದ್ದ ಕವಿ ಉಮಾಶಂಕರ ಜೋಶಿಯವರು ಅಹಮದಾಬಾದಿನಲ್ಲಿ ಮತ್ತೆ ಸಿಕ್ಕಿದ್ದರಿಂದ ಬರವಣಿಗೆಗೆ ತೊಡಗಿದರು. ‘ಮಳೇಲಾ ಜೀವ್’ 1941ರ ಕೃತಿ. ಝವೇರಚಂದ್ ಮೇಘಾಣಿಯವರ ಒತ್ತಾಸೆಯಿಂದ ‘ಫೂಲಛಾಬ್’ ಪತ್ರಿಕೆಗಾಗಿ ಬರೆದದ್ದು. 1985ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂತು. 1989ರಲ್ಲಿ ಅಹಮದಾಬಾದಿನಲ್ಲಿ ತೀರಿಕೊಂಡರು. ನಗರದಲ್ಲಿ ಕುಳಿತು ಹಳ್ಳಿಯನ್ನು ಬರೆದವರು ಅವರು. ‘ಮಳೇಲಾ ಜೀವ್’ನ ಹಳ್ಳಿ ಆ ಅರ್ಥದಲ್ಲಿ ಈಗಾಗಲೇ ಕಳೆದುಹೋದ ಕಾಲದಲ್ಲಿರುವ ಹಳ್ಳಿ.

ಕಥೆಯನ್ನು ಚುಟುಕಾಗಿ ಹೇಳಬಹುದು. ಪಟೇಲ್ ರೈತ ಮನೆತನದ ಕಾನಜಿಯೂ ಕ್ಷೌರಿಕ ಜಾತಿಯ ಜೀವಿಯೂ ಜನ್ಮಾಷ್ಟಮಿಯ ಜಾತ್ರೆಯಲ್ಲಿ, ತಿರುಗುವ ತೊಟ್ಟಿಲಿನಲ್ಲಿ ಜೊತೆಯಾಗುತ್ತಾರೆ. ಜಾತಿಯ ಕಟ್ಟಿನಿಂದ ಮದುವೆ ಸಾಧ್ಯವಿಲ್ಲ. ಜೀವಿ ಕಣ್ಣಿಗಾದರೂ ಬೀಳುತ್ತಿರಲೆಂದು ಕಾನಜಿ ಅವಳನ್ನು ತನ್ನೂರಿನ ಕ್ಷೌರಿಕ ಧೂಲಾನಿಗೆ ಮದುವೆ ಮಾಡಿಸುತ್ತಾನೆ. ಅನಂತರ ಸಂಶಯ, ಹೊಡೆತ, ವಿಷ, ಧೂಲಾನ ಸಾವು. ಕಾನಜಿ ಊರು ಬಿಡುತ್ತಾನೆ. ಜೀವಿಯ ಬುದ್ಧಿಯ ಸ್ಥಿಮಿತ ತಪ್ಪುತ್ತದೆ. ಕೊನೆಯಲ್ಲಿ ಅವನು ಬಂದು ಅವಳನ್ನು ತನ್ನೊಡನೆ ಕರೆದೊಯ್ಯುತ್ತಾನೆ.

ಹಾವಿಲ್ಲ, ಬೇರಿಲ್ಲ, ಶಾಪವಿಲ್ಲ. ಆದರೂ ಇಲ್ಲೊಂದು ಅದ್ಭುತದ ಆಸೆ ಇದೆಯೆಂಬುದನ್ನು ಕಾದಂಬರಿಯ ವಾಸ್ತವವಾದಿ ಓದು ಮರೆಸುತ್ತದೆ. ಪ್ರಿಯೆಯನ್ನು ಇನ್ನೊಬ್ಬನಿಗೆ ಮದುವೆ ಮಾಡಿಸಿ ಅವಳನ್ನು ಜಾತ್ರೆಯ ದಿನ ಕಂಡಂತೆಯೇ ಕಣ್ಣೆದುರು ಇಟ್ಟುಕೊಳ್ಳುತ್ತೇನೆಂಬ ಕಾನಜಿಯ ಯೋಜನೆ, ತಿರುಗುವ ತೊಟ್ಟಿಲನ್ನು ಮೇಲುಗಡೆಯಲ್ಲಿಯೇ ನಿಲ್ಲಿಸುತ್ತೇನೆ ಎಂಬಂಥದು. ನಾಗನು ಗಂಡನ ಮುಖವನ್ನು ಹೊತ್ತು ಮನೆ ಹೊಕ್ಕರೆ ಕಾನಜಿ ಗಂಡನೊಬ್ಬನನ್ನೇ ಮುಖವಾಡವಾಗಿ ತೊಟ್ಟಿದ್ದಾನೆ. ಧೂಲಾ ಅವನಿಗೆ ಮನುಷ್ಯನಲ್ಲ, ಜೀವಿಯನ್ನು ಊರಿಗೆ ತರುವ ದಾರಿ. ಹಾಗೆ ಬಳಸಲ್ಪಟ್ಟ ಮನುಷ್ಯ ಮನೆಯಲ್ಲಿ ಹೆಂಡತಿಯನ್ನು ಬಡಿಯುವ ಪಶುವಾಗುವುದರಲ್ಲಿ ಅವನದೊಬ್ಬನದೇ ತಪ್ಪಿಲ್ಲ. ಕಾನಜಿಯ ತ್ಯಾಗವನ್ನು ಮೆಚ್ಚುವ ಓದುಗರು ಗುಜರಾತಿಯಲ್ಲಿಯೂ ಕನ್ನಡದಲ್ಲಿಯೂ ಇದ್ದಾರೆ. ನನಗೆ ಅದು ತ್ಯಾಗವಾಗಿ ಕಾಣುವುದಿಲ್ಲ. ಅವನು ತನ್ನ ಪಾಲಿನ ಕಾಲವನ್ನು ತಾನು ಸವೆಸದೆ ಜೀವಿಯ ಮೈಮೇಲೆ ಹೊರಿಸಿದ್ದಾನೆ. ಕೊನೆಯಲ್ಲಿ ಇಬ್ಬರೂ ಕೂಡುತ್ತಾರೆ ನಿಜ. ಆದರೆ ಅವನು ಕರೆದೊಯ್ಯುವ ಹೆಣ್ಣು ಅವನ ಕಾಲದಲ್ಲಿಲ್ಲ. ತಪ್ಪಿದ ತುತ್ತಿನ ನಂತರ ಅವಳ ದಿನಗಳು ಮುಂದೆ ಸ��ಗಿಲ್ಲ.

ಶೀರ್ಷಿಕೆಯ ಬದಲಾವಣೆಯನ್ನು ಇಲ್ಲಿ ಗಮನಿಸಬೇಕು. ಗುಜರಾತಿಯ ‘ಮಳವುಂ’ ಎಂಬ ಧಾತುವಿಗೆ ಕೂಡು, ಸಿಗು, ಎದುರಾಗು ಎಂಬ ಅರ್ಥಗಳಿವೆ. ಅದರ ಳಕಾರ ಕನ್ನಡ ಕಿವಿಗೆ ಹಿತವಾದುದು. ಜಾತ್ರೆಗೆ ಅಲ್ಲಿ ‘ಮೇಳೊ’ ಎನ್ನುತ್ತಾರೆ. ಅದೂ ಇದೇ ಬಳಗದ ಪದ, ನಮ್ಮ ‘ಮೇಳ’ದ ಸೋದರ. ‘ಮಳೇಲಾ ಜೀವ್’ ಎಂದರೆ ಒಂದುಗೂಡಿದ ಜೀವಗಳು. ‘ಮೇಳೊ’ದಲ್ಲಿ ‘ಮಳೇಲಾ’ ಆದವರು ಎಂಬ ನುಡಿಸಂಬಂಧ ಮೂಲದ ಓದುಗನಿಗೆ ಹೇಳದೆಯೇ ತಿಳಿಯುತ್ತದೆ. ಅಂದರೆ ಆ ಕೂಡುವಿಕೆ ಒಂದು ದಿನದ್ದು, ಒಂದು ಸ್ಥಳದ್ದು, ಜಾತ್ರೆ ಮುಗಿದರೆ ಚೆದುರಬಹುದಾದದ್ದು. ಜೊತೆಗೆ ‘ಜೀವ್’ನಲ್ಲಿ ನಾಯಕಿಯ ಹೆಸರೂ ಇದೆ. ಕನ್ನಡದ ‘ಜನುಮದ ಜೋಡಿ’ ಈ ಆಕಸ್ಮಿಕವನ್ನು ಅಳಿಸಿ ಅದರ ಜಾಗದಲ್ಲಿ ಜನ್ಮವನ್ನು ತಂದಿತು. ಜೋಡಿ ಜಾತ್ರೆಯಲ್ಲಿ ಆದದ್ದಲ್ಲ, ಹುಟ್ಟಿನಿಂದಲೇ, ಪ್ರಾಯಶಃ ಹುಟ್ಟಿಗೂ ಮೊದಲೇ ಇದ್ದದ್ದು. ಚಿತ್ರದ ಶೀರ್ಷಿಕೆಯೇ ಕಾಲವನ್ನು ಗೆದ್ದುಬಿಟ್ಟಿದೆ. ಗುಜರಾತಿಯಲ್ಲಿ 1956ರಲ್ಲಿ ಮನಹರ ರಸಕಪೂರ್ ಮಾಡಿದ ಚಿತ್ರ ಕಾದಂಬರಿಯ ಹೆಸರನ್ನೇ ಉಳಿಸಿಕೊಂಡಿತ್ತು ಎಂಬುದನ್ನೂ ನೆನೆಯಬಹುದು. ಕನ್ನಡ ಚಿತ್ರ ಮಾಡಿದ ಬದಲಾವಣೆ ತಪ್ಪೆಂದು ಹೇಳುವುದಕ್ಕಿಂತ ಅದು ಬೇರೆ ಪರಂಪರೆಯೊಂದಕ್ಕೆ ಬಾಗಿಲು ತೆರೆಯಿತು ಎನ್ನುವುದು ನ್ಯಾಯ. ‘ಕೋಲುಮಂಡೆ ಜಂಗಮ’ನ ಹಾಡು ಆ ಚಿತ್ರದಲ್ಲಿ ಹೊರಗಿನದಾಗಿ ಕೇಳಿಸದಿರುವುದಕ್ಕೆ ಕಾರಣವೂ ಇದೇ. ನಮ್ಮ ಜನಪದ ಕಾವ್ಯದಲ್ಲಿ ಒಲವಿಗೆ ಜನ್ಮಾಂತರದ ಲೆಕ್ಕ ಸಹಜವಾದುದು. ಪನ್ನಾಲಾಲರ ಲೆಕ್ಕ ಈ ಜನ್ಮದ್ದು ಮಾತ್ರ. ಆದರೆ ಜನ್ಮಾಂತರದ ಭರವಸೆ ಬಂದೊಡನೆ ಈ ಜನ್ಮದಲ್ಲಿ ಸಾಲ ತೀರಿಸಿದವರು ಮಸುಕಾಗುತ್ತಾರೆ. ಧೂಲಾನಂಥವನಿಗೆ ಜನುಮದ ಜೋಡಿಯ ಲೋಕದಲ್ಲಿ ಜೋಡಿಯಿಲ್ಲ.

ಈ ಮಾತು ಇಪ್ಪತ್ತನೆಯ ಶತಮಾನದ ಕಾದಂಬರಿ, ಚಿತ್ರಗಳಿಗಷ್ಟೇ ಸಂಬಂಧಿಸಿದ್ದಲ್ಲ ಎಂಬುದಕ್ಕೆ ವಡೋದರಾದ ಪ್ರೇಮಾನಂದನೇ ಸಾಕ್ಷಿ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಬಾಳಿದ ಈ ಆಖ್ಯಾನಕವಿ ಮಾಣಭಟ್ಟರ ಪರಂಪರೆಯವನು. ‘ಮಾಣ’ ಎಂದರೆ ಸಣ್ಣ ಬಾಯಿಯ ಲೋಹದ ಕೊಡ. ಬೆರಳಿನ ಉಂಗುರಗಳಿಂದ ಅದನ್ನು ಬಡಿದು ತಾಳ ಹಿಡಿದುಕೊಂಡು ಕಥೆ ಹಾಡುವವನು ಮಾಣಭಟ್ಟ. ನಮ್ಮ ಗಮಕಿಗೂ ಅವನಿಗೂ ಇರುವ ದೂರ ಹೆಚ್ಚಿಲ್ಲ. ಒಂದೇ ವ್ಯತ್ಯಾಸವೆಂದರೆ ಹಾಡುವವನೇ ಕವಿ. ತನ್ನ ‘ನಳಾಖ್ಯಾನ’ದ ಕೊನೆಯಲ್ಲಿ ಪ್ರೇಮಾನಂದ ತನ್ನ ಊರು ವಡೋದರಾ ಎಂದೂ ಹೊಟ್ಟೆಪಾಡಿಗಾಗಿ ಸೂರತ್ತನ್ನೂ ನಂದುರಬಾರನ್ನೂ ಆಶ್ರಯಿಸಬೇಕಾಯಿತೆಂದೂ ಹೇಳಿಕೊಂಡಿದ್ದಾನೆ. ಹೊಟ್ಟೆಯ ಮಾತನ್ನು ಹೀಗೆ ನಾಚಿಕೆಯಿಲ್ಲದೆ ಹೇಳುವ ಕವಿಯ ಕೈಯಲ್ಲಿ ನಳನ ಕಥೆ ಏನಾಯಿತೆಂಬುದು ಕುತೂಹಲದ ವಿಷಯ.

ಕನ್ನಡದ ಓದುಗರಿಗೆ ಕನಕದಾಸರ ‘ನಳಚರಿತ್ರೆ’ ಗೊತ್ತು. ಕಾರ್ಕೋಟಕನು ಕಚ್ಚಿ ನಳನ ರೂಪ ಕೆಡುವುದು, ಅವನು ಬಾಹುಕನಾಗಿ ಋತುಪರ್ಣನ ಸಾರಥಿಯಾಗುವುದು ಮಹಾಭಾರತದಿಂದಲೇ ಬಂದದ್ದು. ಗಂಡನ ರೂಪವನ್ನು ತೊಟ್ಟು ಬರುವ ಹಾವು ‘ನಾಗಮಂಡಲ’ದಲ್ಲಿದ್ದರೆ, ಗಂಡನ ರೂಪವನ್ನು ಕಿತ್ತುಕೊಳ್ಳುವ ಹಾವು ಇಲ್ಲಿದೆ. ಎರಡೂ ಕಡೆ ಹೆಣ್ಣಿನ ಮುಂದಿರುವ ಪ್ರಶ್ನೆ ಒಂದೇ: ಮುಖ ಬದಲಾದವನನ್ನು, ಅಥವಾ ಮುಖ ಬದಲಾಗದವನನ್ನು, ಗುರುತಿಸುವುದು ಹೇಗೆ? ಮಹಾಭಾರತದಲ್ಲಿ ಬಾಹುಕನನ್ನು ನಳನೆಂದು ದಮಯಂತಿ ಅರಿಯುವುದಕ್ಕೆ ಅವನು ಬೇಯಿಸಿದ ಮಾಂಸದ ರುಚಿಯೂ ಒಂದು ಆಧಾರ. ಅಲ್ಲಿ ತುತ್ತು ದಾರಿ ತಪ್ಪಿಲ್ಲ. ಅದು ಕಾಲವನ್ನು ದಾಟಿ ಸರಿಯಾದ ನಾಲಗೆಯನ್ನು ಮುಟ್ಟಿದೆ.

ಪ್ರೇಮಾನಂದನ ಆಖ್ಯಾನದಲ್ಲಿ ಇದಕ್ಕೂ ಮೊದಲು ಒಂದು ಪ್ರಸಂಗವಿದೆ. ರಾಜ್ಯ ಕಳೆದುಕೊಂಡು ಕಾಡಿನಲ್ಲಿ ಹಸಿದಿರುವ ನಳ ಮೀನು ಹಿಡಿದು ದಮಯಂತಿಯ ಕೈಗೆ ಕೊಟ್ಟು ಹೋಗುತ್ತಾನೆ. ಅವಳ ಕೈಯಿಂದ ಅಮೃತ ಸ್ರವಿಸುತ್ತದೆಂಬ ವರವಿದೆ. ಸತ್ತ ಮೀನುಗಳು ಅವಳ ಕೈ ತಾಗಿ ಬದುಕಿ ನೀರಿಗೆ ಜಾರುತ್ತವೆ. ಮರಳಿ ಬಂದ ನಳ ಇದನ್ನು ನಂಬುವುದಿಲ್ಲ. ಹಸಿವು ತಾಳದೆ ಅವಳೇ ತಿಂದಳೆಂದು ಸಂಶಯಪಡುತ್ತಾನೆ, ಸಿಟ್ಟಾಗುತ್ತಾನೆ. ಅವಳನ್ನು ಕಾಡಿನಲ್ಲಿ ಬಿಟ್ಟುಹೋಗುವುದಕ್ಕೆ ಮನಸ್ಸು ಹದಗೊಳ್ಳುವುದು ಇಲ್ಲಿಂದಲೇ. ಮಹಾಭಾರತದಲ್ಲಿಲ್ಲದ ಈ ಮೀನಿನ ಪ್ರಸಂಗ ನನ್ನ ಮಟ್ಟಿಗೆ ಪ್ರೇಮಾನಂದನ ಆಖ್ಯಾನದ ಅತ್ಯಂತ ಕ್ರೂರವಾದ ಭಾಗ. ಸಾವನ್ನು ಹಿಂದಿರುಗಿಸಬಲ್ಲ ಕೈ ಆ ಕಾರಣದಿಂದಲೇ ಗಂಡನಿಗೆ ಒಂದು ತುತ್ತು ಕೊಡಲಾರದು. ಸೂರತ್ತಿನ ಜಗಲಿಗಳಲ್ಲಿ ಹೊಟ್ಟೆಗಾಗಿ ಹಾಡಿದ ಕವಿಗೆ ಇದರ ವ್ಯಂಗ್ಯ ತಿಳಿಯದೆ ಇರಲಿಲ್ಲ. ಅಮೃತವಿದ್ದಲ್ಲಿ ಊಟವಿಲ್ಲ, ಊಟವಿಲ್ಲದಲ್ಲಿ ಒಲವಿಗೂ ಸಂಶಯ ಹತ್ತುತ್ತದೆ. ಮೀನುಗಳು ಕಾಲವನ್ನು ಗೆದ್ದವು, ಅದರ ಸಾಲ ದಮಯಂತಿಯ ತಲೆಗೆ ಬಂತು.

ಯಯಾತಿಯ ಪ್ರಸ್ತಾಪ ಮೇಲೆ ಬಂದಿದೆ. ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಅದರಲ್ಲಿ ಅವರು ಮಹಾಭಾರತಕ್ಕೆ ಸೇರಿಸಿದ ಪಾತ್ರ ಪುರುವಿನ ಹೆಂಡತಿ ಚಿತ್ರಲೇಖೆ. ಗಂಡ ಮಾವನ ಮುಪ್ಪನ್ನು ಹೊತ್ತು ಬಂದಾಗ ಅವಳಿಗೆ ಯಾರೂ ಒಂದು ಮಾತು ಕೇಳಿಲ್ಲ. ಅವಳು ವಿಷ ಕುಡಿದು ಸಾಯುತ್ತಾಳೆ. ನಾಟಕದ ಆರಂಭದಲ್ಲಿ ವಿಷಕ್ಕೆ ಕೈಚಾಚಿದವಳು ಶರ್ಮಿಷ್ಠೆ. ಸತ್ತವಳು ಹೊಸದಾಗಿ ಮನೆ ತುಂಬಿದ ಸೊಸೆ. ಇಲ್ಲಿಯೂ ಒಬ್ಬಳ ಪಾಲಿನದು ಇನ್ನೊಬ್ಬಳ ಬಾಯಿಗೆ ಬಿದ್ದಿದೆ. ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿನ ನಾಟಕಕಾರನೊಬ್ಬ ಮುಪ್ಪಿನ ಕಥೆಯನ್ನು ಕೈಗೆತ್ತಿಕೊಂಡು ಅದನ್ನು ಸೊಸೆಯ ಕಡೆಯಿಂದ ನೋಡಿದ್ದು ‘ನಾಗಮಂಡಲ’ದ ಕುರುಡವ್ವನನ್ನು ಓದುವುದಕ್ಕೂ ಬೇಕಾದ ಕೀಲಿಕೈ. ಒಂದರಲ್ಲಿ ಮುಪ್ಪಿನ ಆಸೆಗೆ ತಾರುಣ್ಯ ತೆತ್ತರೆ, ಇನ್ನೊಂದರಲ್ಲಿ ತಾರುಣ್ಯದ ಒಲವಿಗೆ ಮುಪ್ಪು ತೆತ್ತಿದೆ. ಎರಡು ಕೃತಿಗಳ ನಡುವೆ ಇಪ್ಪತ್ತೇಳು ವರ್ಷಗಳ ಅಂತರ. ಕಾರ್ನಾಡರೂ ಐವತ್ತಕ್ಕೆ ಬಂದಿದ್ದರು.

ಇತ್ತೀಚಿನ ಗುಜರಾತಿ ಚಿತ್ರವೊಂದನ್ನು ಇದೇ ಸಾಲಿನಲ್ಲಿ ಇಡಬೇಕೆನಿಸುತ್ತದೆ. ಯುವ ಕಥೆಗಾರ ರಾಮ್ ಮೋರಿ ಅವರ ಕಥೆಯನ್ನು ಆಧರಿಸಿ ವಿಜಯಗಿರಿ ಬಾವಾ ಅವರು 2021ರಲ್ಲಿ ಮಾಡಿದ ‘ಎಕವೀಸಮುಂ ಟಿಫಿನ್’, ಅಂದರೆ ಇಪ್ಪತ್ತೊಂದನೆಯ ಊಟದ ಡಬ್ಬಿ. ನೀಲಂ ಪಂಚಾಲ್ ಅಭಿನಯಿಸಿದ ನಾಯಕಿ ಗುಜರಾತಿನ ನಗರದ ಮಧ್ಯಮವರ್ಗದ ಮನೆಯ, ನಡುವಯಸ್ಸಿನ ಗೃಹಿಣಿ. ಊಟದ ಡಬ್ಬಿಗಳನ್ನು ಕಟ್ಟಿ ಕಳಿಸುವುದು ಅವಳ ಕಸುಬು. ಇಪ್ಪತ್ತು ಡಬ್ಬಿಗಳು ಅಭ್ಯಾಸದ ಬಲದಿಂದ ಹೋಗುತ್ತಿರುತ್ತವೆ. ಮನೆಯಲ್ಲಿ ಯಾರೂ ಅವಳ ಅಡುಗೆಯನ್ನು ಹೊಗಳಿ ಎಷ್ಟು ವರ್ಷವಾಯಿತೋ. ಇಪ್ಪತ್ತೊಂದನೆಯದನ್ನು ತರಿಸಿಕೊಳ್ಳುವ ತರುಣ ಆ ಅಡುಗೆಯನ್ನು ರುಚಿ ನೋಡಿ ಹೊಗಳುತ್ತಾನೆ. ಅಷ್ಟೆ. ಅಷ್ಟಕ್ಕೇ ಅವಳು ಮತ್ತೆ ಕನ್ನಡಿಯ ಮುಂದೆ ನಿಲ್ಲತೊಡಗುತ್ತಾಳೆ, ಮೈಮೇಲಿನ ವರ್ಷಗಳು ಸಡಿಲವಾಗುತ್ತವೆ. ಮಂತ್ರದ ಬೇರಿನ ಕೆಲಸವನ್ನು ಒಂದು ಹೊಗಳಿಕೆಯ ಮಾತು ಮಾಡಿದೆ. ಬೇರು ತಿಂದವನು ಒಲಿಯುವ ಬದಲು ಉಣಬಡಿಸಿದವಳೇ ಬದಲಾಗಿದ್ದಾಳೆ. ಅಡುಗೆ ಇಲ್ಲಿಯೂ ಮನೆಯ ಬಾಗಿಲು ದಾಟಿ ಯಾರದೋ ಬಾಯಿಗೆ ಹೋಗಿದೆ. ಆದರೆ ಅದಕ್ಕೆ ಬೆಲೆ ಕಟ್ಟಿದೆ, ಡಬ್ಬಿಗೆ ಎಣಿಕೆಯಿದೆ, ಹುತ್ತದ ಹೆದರಿಕೆಯಿಲ್ಲ.

ಚಿತ್ರ ಇಡಿಯಾಗಿ ಗೆದ್ದಿದೆಯೆಂದು ಹೇಳಲಾರೆ. ಕೆಲವು ಕಡೆ ಅದು ತಾನು ತೋರಿಸಿದ್ದನ್ನು ಮತ್ತೆ ಮಾತಿನಲ್ಲಿ ಹೇಳುತ್ತದೆ. ಆದರೂ ಅದರ ಒಂದು ನಿರ್ಧಾರ ಈ ಲೇಖನದ ದೃಷ್ಟಿಯಿಂದ ಮಹತ್ವದ್ದು. ತಾಯಿಗೆ ಮರಳಿ ಬಂದ ತಾರುಣ್ಯವನ್ನು ನಾವು ನೋಡುವುದು ಮನೆಯಲ್ಲಿ ಬೆಳೆದ ಮಗಳ ಕಣ್ಣಿನಿಂದ. ಹಳೆಯ ಕಥೆಯಲ್ಲಿ ಹಿರಿಯರಿಗೆ ತಾರುಣ್ಯ ಮರಳಿದಾಗ ಅದನ್ನು ತೆರಬೇಕಾದವರ ಜಾಗ ಅದು: ಪುರುವಿನ ಜಾಗ, ಚಿತ್ರಲೇಖೆಯ ಜಾಗ. ಅಲ್ಲಿ ನಿಂತವಳಿಗೆ ಇಲ್ಲಿ ತೆರುವ ಕೆಲಸವನ್ನು ಬಿಟ್ಟು ನೋಡುವ ಕೆಲಸವನ್ನು ಕೊಟ್ಟಿದ್ದಾರೆ. ಅವಳು ಮೊದಲು ಮುಜುಗರಪಡುತ್ತಾಳೆ. ಆಮೇಲೆ ತಾಯಿಯನ್ನು ಹೆಣ್ಣಾಗಿ ನೋಡುತ್ತಾಳೆ.